ಡಬ್ಬದ ತಳ ಕಾಣುವ ದಿನ

ಅಡುಗೆಮನೆಯ ದಿನಸಿ ಜೋಡಿಸುವುದನ್ನು ಕಲಿಸುವ ವಿಡಿಯೋಗಳಲ್ಲಿ ಈಗ ಕಾಣುವುದು ಒಂದೇ ನೋಟ: ಒಂದೇ ಅಳತೆಯ ಗಾಜಿನ ಬಾಟಲಿಗಳು, ಅವುಗಳ ಮೇಲೆ ಮುದ್ದಾದ ಅಕ್ಷರದ ಚೀಟಿ, ತೊಗರಿಬೇಳೆಯ ಹಳದಿಯ ಪಕ್ಕ ಹೆಸರುಕಾಳಿನ ಹಸಿರು. ನೋಡಲು ಚೆಂದವೇ. ಆದರೆ ದಿನಸಿ ಕಪಾಟನ್ನು ಚೆಂದದಿಂದ ಅಳೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಳಗಿಟ್ಟ ಕಾಳು ಕೆಡದೆ ಉಳಿಯಿತೇ, ಮೊದಲು ತಂದದ್ದು ಮೊದಲು ಖರ್ಚಾಯಿತೇ, ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಕೈ ಚಾಚಿದರೆ ಬೇಕಾದ ಡಬ್ಬ ಸಿಕ್ಕಿತೇ ಎಂದು ಕೇಳಬೇಕು. ಹಾಗೆ ಕೇಳಿದರೆ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಮಾರಿಕುಪ್ಪಂ ಲೈನ್ ಮನೆಗಳ ಪದ್ಧತಿಯಿಂದ ಕಲಿಯಬೇಕಾದದ್ದು ಬಹಳ ಇದೆ. ತಿದ್ದಬೇಕಾದದ್ದೂ ಇದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗೆ ಇಳಿದ ಮೇಲೆ ತಮಿಳು, ತೆಲುಗು ಸೀಮೆಯಿಂದ ಕೂಲಿಗೆ ಬಂದವರು ಮೊದಲು ಇದ್ದದ್ದು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ. ಆಮೇಲೆ ಸಾಲಾಗಿ ಎದ್ದವು ಲೈನ್ ಮನೆಗಳು. ಮುಂದೊಂದು ಕೋಣೆ, ಹಿಂದೆ ಒಲೆಗಿಷ್ಟು ಜಾಗ. ಬೇರೆ ಉಗ್ರಾಣ ಎಲ್ಲಿಂದ ಬರಬೇಕು? ಗೋಡೆಗೆ ಹೊಡೆದ ಹಲಗೆಯೇ ಉಗ್ರಾಣ. ಆ ಹಲಗೆಯ ಮೇಲೆ ಏನು ಎಲ್ಲಿರಬೇಕು ಎಂಬುದರಲ್ಲಿ ಗಣಿಯ ಮಾತೂ ನಡೆಯುತ್ತಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಜನ ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಗೋಡೆ ನಡುಗುವ ಊರಿನಲ್ಲಿ ಉಪ್ಪಿನಕಾಯಿ ಜಾಡಿಯನ್ನು ಮೇಲಿನ ಹಲಗೆಯಲ್ಲಿ ಇಡುವವರಾರು? ಭಾರದ್ದು, ಒಡೆಯುವಂಥದ್ದು ನೆಲಕ್ಕೆ, ಹಗುರದ್ದು ಮೇಲಕ್ಕೆ. ಗಣಿ ಮುಚ್ಚಿ ಏರ್ ಬ್ಲಾಸ್ಟ್ ಮಾತು ಹಳೆಯದಾದರೂ ಈ ಕ್ರಮ ಸರಿಯಾದದ್ದೇ. ತಲೆಯ ಮೇಲಿನಿಂದ ಐದು ಕಿಲೋ ಡಬ್ಬ ಇಳಿಸುವ ಕಷ್ಟ ಯಾವ ಊರಿನಲ್ಲಾದರೂ ಒಂದೇ.

ಇನ್ನೊಂದು ಧೂಳು. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಣ್ಣೆಗಳು, ಮೂರು ಕೋಟಿ ಟನ್ನಿಗೂ ಮಿಕ್ಕಿದ್ದು, ಊರಿನ ನಡುನಡುವೆ ಇಂದಿಗೂ ನಿಂತಿವೆ. ಆಷಾಢದ ಗಾಳಿ ಎದ್ದರೆ ಅದರ ನಯವಾದ ಹುಡಿ ಹೆಂಚಿನ ಸಂದು, ಕಿಟಕಿಯ ಸಂದು, ಸಡಿಲ ಮುಚ್ಚಳದ ಸಂದು ಎಲ್ಲ ಹೊಗುತ್ತದೆ. ವಿಡಿಯೋದವರು ಹೇಳುವ ಬಾಯಿ ತೆರೆದ ಬೆತ್ತದ ಬುಟ್ಟಿ ಇಲ್ಲಿಗೆ ಆಗದು. ಒತ್ತಿ ಕೂರುವ ಮುಚ್ಚಳದ ಸ್ಟೀಲ್ ಡಬ್ಬವನ್ನು ಈ ಊರು ನೆಚ್ಚಿಕೊಂಡದ್ದರಲ್ಲಿ ವಿವೇಕ ಇದೆ. ಹಲಗೆಯನ್ನು ಒಣಬಟ್ಟೆಯಲ್ಲಿ ಕೊಡವಿದರೆ ಹುಡಿ ಎದ್ದು ಮತ್ತೆ ಅಲ್ಲೇ ಕೂರುತ್ತದೆ, ಕೊಡವಿದವರ ಎದೆಯನ್ನೂ ಸೇರುತ್ತದೆ. ಹಿಂಡಿದ ಒದ್ದೆಬಟ್ಟೆಯಲ್ಲಿ ಒರೆಸಬೇಕು. ಮುಚ್ಚಳವನ್ನು ಒರೆಸಿಯೇ ತೆಗೆಯಬೇಕು, ತೆಗೆದು ಒರೆಸಬಾರದು.

ಆದರೆ ಆ ಪದ್ಧತಿಯ ಜೀವಾಳ ಡಬ್ಬದಲ್ಲೂ ಇರಲಿಲ್ಲ, ಹಲಗೆಯಲ್ಲೂ ಇರಲಿಲ್ಲ. ಅದಿದ್ದದ್ದು ಸಂಬಳದ ದಿನದಲ್ಲಿ. ಗಣಿ ನಡೆಯುತ್ತಿದ್ದಾಗ ದುಡ್ಡು ಬರುವ ದಿನ ಗೊತ್ತಿತ್ತು, ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಿಂದ ಸಾಮಾನು ಬರುವ ದಿನವೂ ಗೊತ್ತಿತ್ತು. ಅದರ ಹಿಂದಿನ ದಿನಗಳಲ್ಲಿ ಡಬ್ಬಗಳು ತಾವಾಗಿಯೇ ತಳ ಕಾಣುತ್ತಿದ್ದವು. ಅದು ಬಡತನದ ಗುರುತೂ ಹೌದು, ಅದನ್ನು ಹೊಗಳಲಾರೆ. ಆದರೆ ಖಾಲಿಯಾದ ಡಬ್ಬವನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ ಒಣಗಿಸಿ ಹೊಸದನ್ನು ತುಂಬುವ ಅವಕಾಶ ಅದರಲ್ಲೇ ಅಡಗಿತ್ತು. ವರ್ಷಕ್ಕೊಮ್ಮೆ ಪೊಂಗಲ್ ಮುಂಚಿನ ಬೋಗಿಗೋ ಯುಗಾದಿಗೋ ನಡೆಯುವ ದೊಡ್ಡ ಸ್ವಚ್ಛತೆಗಿಂತ ತಿಂಗಳು ತಿಂಗಳಿನ ಈ ಸಣ್ಣ ಬರಿದಾಗುವಿಕೆ ಕಾಳನ್ನು ಹೆಚ್ಚು ಕಾಯುತ್ತಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹಾಕಿದ ರೈಲು ಹಳಿ ಈಗ ಮನೆಮನೆಯ ದುಡಿಮೆಯ ದಾರಿ. ನಸುಕಿನಲ್ಲೇ ಹೊರಡುವ ಗಾಡಿಯಲ್ಲಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮರಳುವವರು ಸಾವಿರಾರು ಮಂದಿ. ದಿನಗೂಲಿಯ ದುಡ್ಡು ಬಂದಂತೆ ಸಾಮಾನೂ ಬರುತ್ತದೆ: ಅರ್ಧ ಕಿಲೋ ಬೇಳೆ ಇವತ್ತು, ಕಾಲು ಕಿಲೋ ಹೆಸರುಕಾಳು ನಾಡಿದ್ದು, ನಡುವೆ ಒಂದು ದಿನ ಪಡಿತರದ ಅಕ್ಕಿ, ರಾಗಿ. ದಣಿದು ಬಂದವರು ಪೊಟ್ಟಣ ಕತ್ತರಿಸಿ, ಡಬ್ಬದಲ್ಲಿ ಉಳಿದದ್ದರ ಮೇಲೆಯೇ ಸುರಿಯುತ್ತಾರೆ. ಡಬ್ಬ ಎಂದೂ ಪೂರ್ತಿ ತುಂಬುವುದಿಲ್ಲ, ಎಂದೂ ಪೂರ್ತಿ ಖಾಲಿಯೂ ಆಗುವುದಿಲ್ಲ. ಈಗಿನ ಪದ್ಧತಿಯ ದೊಡ್ಡ ದೋಷ ಇದೇ. ಮಾರಿಕುಪ್ಪಂನದ್ದು ಮಾತ್ರವಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಾಡ್ಯುಲರ್ ಕಿಚನ್ನಿನದ್ದೂ ಇದೇ. ಅಲ್ಲಿ ಸುರಿಯುವುದು ಮನೆಬಾಗಿಲಿಗೆ ಬಂದ ಪೊಟ್ಟಣದಿಂದ, ಅಷ್ಟೇ ವ್ಯತ್ಯಾಸ.

ಅಂಥ ಒಂದು ಡಬ್ಬವನ್ನು ಮೊರಕ್ಕೆ ಬಗ್ಗಿಸಿ ನೋಡಬೇಕು. ಮೇಲಿನ ಹೆಸರುಕಾಳು ಹೊಳೆಯುತ್ತಿರುತ್ತದೆ. ಕೊನೆಗೆ ಬೀಳುವ ಹಿಡಿ ಕಾಳು ಮಂಕು. ಅದನ್ನು ಬೆಳಕಿಗೆ ಹಿಡಿದರೆ ಕಾಳಿನ ಮೈಮೇಲೆ ಸುಣ್ಣದ ಚುಕ್ಕೆಯಂತೆ ಬಿಳಿಯದೊಂದು ಅಂಟಿರುತ್ತದೆ; ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡದು. ಅದು ಕಾಳುಹುಳದ ಮೊಟ್ಟೆ. ಮರಿ ಅಲ್ಲಿಂದಲೇ ಕಾಳಿನೊಳಕ್ಕೆ ಕೊರೆದು, ತಿಂದು, ಬೆಳೆದು, ಮೂರು ನಾಲ್ಕು ವಾರದಲ್ಲಿ ದುಂಡನೆಯ ತೂತು ಮಾಡಿ ಹೊರಬರುತ್ತದೆ. ಅಕ್ಕಿಯ ಮೂತಿಹುಳ ಇನ್ನೂ ಗುಟ್ಟಿನದು: ಕಾಳಿನಲ್ಲಿ ಕುಳಿ ತೋಡಿ ಮೊಟ್ಟೆಯಿಟ್ಟು ಮೇಲೆ ಮುಚ್ಚಿಬಿಡುತ್ತದೆ, ಹೊರಗೆ ಏನೂ ಕಾಣದು. ತಳದಲ್ಲಿ ಹಳೆಯದು ಉಳಿದಿರುವಷ್ಟು ದಿನ, ಮೇಲೆ ಸುರಿದ ಪ್ರತಿ ಹೊಸ ಪೊಟ್ಟಣವೂ ಈ ಸಂಸಾರಕ್ಕೆ ಒದಗಿದ ಊಟ. ಹುಳ ಅಂಗಡಿಯಿಂದ ಬಂತು ಎಂದು ದೂರುತ್ತೇವೆ. ಎಷ್ಟೋ ಸಲ ನಿಜವೂ ಹೌದು. ಆದರೆ ಬಂದದ್ದನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಆ ತಳದ ಹಿಡಿ.

ಹಾಗಾಗಿ ಪ್ರತಿ ಸಾಮಾನಿಗೆ ದೊಡ್ಡದೊಂದು ಡಬ್ಬದ ಬದಲು ಸಣ್ಣವೆರಡು ಇರಬೇಕು. ಒಂದು ನಡೆಯುತ್ತಿರುವಾಗ ಹೊಸದು ಇನ್ನೊಂದಕ್ಕೆ. ಮೊದಲನೆಯದು ಮುಗಿದು, ಒರೆಸಿ, ಒಣಗಿದ ಮೇಲಷ್ಟೇ ಮತ್ತೆ ತುಂಬುವುದು. ಸಂಬಳದ ದಿನ ಹಿಂದೆ ಮಾಡಿಸುತ್ತಿದ್ದ ಕೆಲಸವನ್ನು ಈಗ ಎರಡನೆಯ ಡಬ್ಬ ಮಾಡಿಸಬೇಕು. ನೀರಿಗೆ ಕೊಡ ಹಿಡಿದು ಕಾಯುವ ಬೀದಿಗಳಲ್ಲಿ ಡಬ್ಬ ತೊಳೆಯಿರಿ ಎಂದು ಪದೇ ಪದೇ ಹೇಳುವುದು ನ್ಯಾಯವಲ್ಲ, ತೊಳೆಯಲೇಬೇಕೆಂದೂ ಇಲ್ಲ. ಮೂಲೆಯಲ್ಲಿ ಅಂಟಿದ ಹಿಟ್ಟನ್ನು ಒಣಬಟ್ಟೆಯಿಂದ ಉಜ್ಜಿ ತೆಗೆದು ಒಂದು ಹೊತ್ತು ಬಿಸಿಲಿಗಿಟ್ಟರೆ ಸಾಕು. ಅರೆಬರೆ ಒಣಗಿದ ಡಬ್ಬಕ್ಕಿಂತ ತೊಳೆಯದ ಡಬ್ಬ ಮೇಲು, ತೇವ ಕಾಳಿಗೆ ಬೂಸ್ಟು ತರುತ್ತದೆ.

ಕೋಲಾರ ಸೀಮೆಯ ಹಳೆಯ ಉಪಾಯಗಳನ್ನು ಒಂದೊಂದಾಗಿ ತೂಗಿ ನೋಡಬೇಕು, ಎಲ್ಲವನ್ನೂ ಒಟ್ಟಿಗೆ ತಲೆಯ ಮೇಲೆ ಹೊರಬಾರದು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಬೇಳೆಗೆ ಕಿಲೋಗೆ ಚಮಚದಷ್ಟು ಹರಳೆಣ್ಣೆ ಸವರುವುದು ನಿಜಕ್ಕೂ ಕೆಲಸ ಮಾಡುತ್ತವೆ. ಎಣ್ಣೆಯ ತೆಳುಪದರದ ಮೇಲೆ ಹುಳಕ್ಕೆ ಮೊಟ್ಟೆ ಅಂಟಿಸುವುದು ಕಷ್ಟ, ಅಂಟಿಸಿದ್ದೂ ಉಸಿರುಕಟ್ಟಿ ಸಾಯುತ್ತದೆ. ಹುಣಸೆಹಣ್ಣನ್ನು ಉಪ್ಪು ಬೆರೆಸಿ ಪಿಂಗಾಣಿ ಜಾಡಿಯಲ್ಲಿ ಇಡುವುದೂ ಸರಿ. ಅದರ ಹುಳಿ ಲೋಹವನ್ನು ತಿನ್ನುತ್ತದೆ. ಬೇವಿನೆಲೆ, ಒಣಮೆಣಸಿನಕಾಯಿಯಿಂದ ಸ್ವಲ್ಪ ತಡೆ ಸಿಗಬಹುದು, ಆದರೆ ಹುಳ ಬಿದ್ದಾದ ಮೇಲೆ ಅವುಗಳಿಂದ ಉಪಯೋಗವಿಲ್ಲ. ಬಿಸಿಲಿಗೆ ಹರವಿದರೆ ಓಡಾಡುವ ಹುಳ ಓಡಿಹೋಗುತ್ತದೆ, ಒಳಗಿನದು ಉಳಿಯುತ್ತದೆ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಹರವದಿದ್ದರೆ ಮೊದಲನೆಯ ಶ್ರಮ ದಂಡ. ಅಕ್ಕಿಗೆ ಬೋರಿಕ್ ಪೌಡರ್ ಬೆರೆಸುವುದನ್ನು ಮಾತ್ರ ಖಂಡಿಸಲೇಬೇಕು. ಗೋದಾಮಿನಲ್ಲಿ ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಗೆ ತರುವುದಂತೂ ಸಾವನ್ನು ಕರೆದಂತೆ. ಗಾಳಿಯ ತೇವ ತಾಗಿದರೆ ಅದರಿಂದ ವಿಷಾನಿಲ ಏಳುತ್ತದೆ. ಮಲಗುವ ಕೋಣೆಯೇ ಉಗ್ರಾಣವಾದ ಮನೆಗಳಲ್ಲಿ ಆ ಮಾತ್ರೆಗೆ ಜಾಗವೇ ಇಲ್ಲ.

ಗಾಜಿನ ಬಾಟಲಿಯ ಗುಣವನ್ನೂ ಒಪ್ಪಬೇಕು: ಎಷ್ಟು ಉಳಿದಿದೆ ಎಂದು ತೆರೆಯದೆ ಕಾಣುತ್ತದೆ, ಹುಳವೂ ಬೇಗ ಕಣ್ಣಿಗೆ ಬೀಳುತ್ತದೆ. ಮೆಣಸಿನಪುಡಿ, ಅರಿಸಿನಪುಡಿಗೆ ಮಾತ್ರ ಅದು ಬೇಡ, ಬೆಳಕಿಗೆ ಅವುಗಳ ಬಣ್ಣ, ಘಮ ಎರಡೂ ಇಳಿಯುತ್ತವೆ. ತಮಿಳು ಮನೆಗಳ ಮಸಾಲೆ ಡಬ್ಬಿಯಾದ ಅಂಜರೈಪೆಟ್ಟಿಯ ಕತ್ತಲೆಯೇ ಅವಕ್ಕೆ ಹಿತ. ಪೊಟ್ಟಣದ ಸಾಮಾನನ್ನು ಯಾವ ಡಬ್ಬಕ್ಕೆ ಸುರಿದರೂ ತಾರೀಖಿರುವ ತುಂಡನ್ನು ಕತ್ತರಿಸಿ ಒಳಗೇ ಹಾಕಿಬಿಡುವುದು ಒಳ್ಳೆಯದು. ಮುದ್ದಾದ ಚೀಟಿಗಳಲ್ಲಿ ಸಾಮಾನಿನ ಹೆಸರಿರುತ್ತದೆ, ತಾರೀಖೇ ಇರುವುದಿಲ್ಲ. ಬೇಳೆಯನ್ನು ಯಾರಾದರೂ ಗುರುತಿಸುತ್ತಾರೆ, ಅದು ಯಾವಾಗ ಬಂದದ್ದೆಂದು ಗುರುತಿಸುವವರಿಲ್ಲ.

ರಾಗಿಯ ವಿಷಯದಲ್ಲಿ ಈ ಸೀಮೆಯ ತಿಳಿವಳಿಕೆ ಸವೆಯುತ್ತಿರುವುದು ಬೇಸರ ತರುತ್ತದೆ. ಕಾಳಾಗಿದ್ದರೆ ರಾಗಿ ವರ್ಷಗಟ್ಟಲೆ ನಿಲ್ಲುತ್ತದೆ. ಹಿಂದೆ ಹಗೇವಿನಲ್ಲಿ ಹೂತು ಬರಗಾಲಕ್ಕೆಂದು ಕಾಪಾಡಿದ ಧಾನ್ಯ ಅದು. ಹಿಟ್ಟಾದರೆ ಅದರೊಳಗಿನ ಜಿಡ್ಡು ಗಾಳಿಗೆ ತೆರೆದುಕೊಂಡು ಬೇಗ ಮುಗ್ಗುತ್ತದೆ. ಮಿಲ್ಲಿಗೆ ಹೋಗಲು ಪುರಸೊತ್ತಿಲ್ಲವೆಂದು ಒಮ್ಮೆಗೇ ಹತ್ತು ಕಿಲೋ ಬೀಸಿಸಿ ಮೇಲಿನ ಹಲಗೆಗೆ ಏರಿಸುವ ರೂಢಿ ಬಂದಿದೆ. ಶೀಟಿನ ಮಾಡು ಕಾದರೆ ಮನೆಯಲ್ಲೆಲ್ಲ ಹೆಚ್ಚು ಬಿಸಿ ಆ ಮೇಲಿನ ಹಲಗೆಯೇ. ಹಿಟ್ಟು, ಎಣ್ಣೆ, ಕಡಲೆಬೀಜ ಕೆಳಗಿರಲಿ. ಮೇಲಕ್ಕೆ ಹಬ್ಬದ ಪಾತ್ರೆಗಳು ಹೋಗಲಿ. ರಾಗಿಯನ್ನು ಕಾಳಾಗಿಯೇ ಇಟ್ಟುಕೊಂಡು ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೀಸಿಸಬೇಕು.

ಇಷ್ಟನ್ನೂ ಮಾಡುವವರು ಯಾರು? ಇರುವುದೊಂದು ಭಾನುವಾರ. ವಾರವಿಡೀ ರೈಲಿನಲ್ಲಿ ನಿಂತು ಹೋಗಿಬಂದ ಹೆಂಗಸು ಅಂದು ಬಟ್ಟೆ, ನೀರು, ಅಡುಗೆ ಮುಗಿಸಿ ಹಲಗೆಗೂ ಕೈ ಹಾಕಬೇಕು. ಯಾವ ಡಬ್ಬದಲ್ಲಿ ಏನಿದೆ, ಯಾವುದು ಹಳೆಯದು ಎಂಬುದು ಅವಳೊಬ್ಬಳಿಗೇ ಗೊತ್ತಿರುವ ಮನೆಯಲ್ಲಿ ಎರಡು ಡಬ್ಬದ ಲೆಕ್ಕವೂ ನಿಲ್ಲದು. ಅವಳಿಲ್ಲದ ಸಂಜೆ ಗಂಡನೋ ಮಗನೋ ಪೊಟ್ಟಣವನ್ನು ಕಂಡ ಡಬ್ಬಕ್ಕೆ ಸುರಿಯುತ್ತಾನೆ. ನಡೆಯುತ್ತಿರುವ ಡಬ್ಬ ಎಡಕ್ಕೆ, ಕಾಯುತ್ತಿರುವುದು ಬಲಕ್ಕೆ ಎಂಬುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಎಡದ್ದು ಮುಗಿದ ದಿನ ಅದನ್ನು ಇಳಿಸಿ ಒರೆಸುವ ಕೆಲಸ ಅದರಿಂದ ಕೊನೆಯ ಹಿಡಿ ತೆಗೆದವರದ್ದೇ ಆಗಬೇಕು, ಅವರು ಯಾರೇ ಆಗಿರಲಿ.