ಯಂತ್ರಲೋಕದ ನಿವಾಸಿಗಳು

ಗಣಕಯಂತ್ರದೊಳಗೆ ನಿರ್ಮಿತವಾದ ಲೋಕವೊಂದನ್ನು ತನ್ನ ಕಥೆಗೆ ರಂಗಭೂಮಿಯಾಗಿ ಆರಿಸಿಕೊಂಡ ಲೇಖಕನಿಗೆ ಮೊದಲ ಹೆಜ್ಜೆಯಲ್ಲಿಯೇ ಒಂದು ಆಕ್ಷೇಪವು ಎದುರಾಗುತ್ತದೆ. ಅಲ್ಲಿ ಸತ್ತವನು ಮರುಕ್ಷಣವೇ ಏಳುವನು, ಕಳೆದುಕೊಂಡುದನ್ನು ಮತ್ತೆ ಗಳಿಸುವನು, ಬೇಸರವಾದೊಡನೆ ಆಟವನ್ನು ನಿಲ್ಲಿಸಿ ಊಟಕ್ಕೆ ಹೊರಡುವನು. ಹೀಗಿರುವಲ್ಲಿ ಶೋಕವಾಗಲಿ ಭಯವಾಗಲಿ ಸ್ಥಾಯಿಯಾಗಿ ನಿಲ್ಲುವುದಕ್ಕೆ ನೆಲೆಯೆಲ್ಲಿ? ಜಪಾನಿನ ಕವಹರ ರೇಕಿಯವರು ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ತಮ್ಮ ಕಥಾಮಾಲೆಯಲ್ಲಿ ಈ ಆಕ್ಷೇಪಕ್ಕೆ ಕೊಟ್ಟ ಉತ್ತರವು ಲೋಕಪ್ರಸಿದ್ಧವಾಗಿದೆ. 2022ರ ನವೆಂಬರಿನಲ್ಲಿ, ನರ್ವ್‌ಗಿಯರ್ ಎಂಬ ಶಿರಸ್ತ್ರಾಣವನ್ನು ಧರಿಸಿ ನೂರು ಅಂತಸ್ತುಗಳ ಐನ್‌ಕ್ರಾಡ್ ಎಂಬ ತೇಲುವ ದುರ್ಗವನ್ನು ಪ್ರವೇಶಿಸಿದ ಸುಮಾರು ಹತ್ತು ಸಾವಿರ ಮಂದಿ ಆಟಗಾರರು ಅಲ್ಲಿಯೇ ಸೆರೆಯಾಗುವರು. ಅದರ ನಿರ್ಮಾತೃವಾದ ಕಯಬ ಅಕಿಹಿಕೊ ಹೊರಗೆ ಹೋಗುವ ಬಾಗಿಲನ್ನೇ ಮುಚ್ಚಿರುವನು. ಆಟದೊಳಗೆ ಸತ್ತವನ ಮೆದುಳನ್ನು ಆ ಶಿರಸ್ತ್ರಾಣವೇ ಸುಟ್ಟುಬಿಡುವುದು. ಉಪಾಯವು ಚತುರವಾದುದೇ ಅಹುದು. ಆದರೆ ಈ ಕಥಾಮಾಲೆಯ ನಿಜವಾದ ಸತ್ತ್ವವು ಈ ಉಪಾಯದಲ್ಲಿಲ್ಲವೆಂಬುದೂ, ಮೃತ್ಯುಭಯವನ್ನು ಅದು ಮರೆತಿರುವ ಪುಟಗಳಲ್ಲಿಯೇ ಅದರ ಶ್ರೇಷ್ಠಭಾಗವು ದೊರೆಯುವುದೆಂಬುದೂ ನನ್ನ ಅಭಿಪ್ರಾಯ.

ಕೃತಿಯ ರೂಪವನ್ನು ಅರಿಯಬೇಕಾದರೆ ಅದು ಹುಟ್ಟಿದ ಬಗೆಯನ್ನು ಕೊಂಚ ನೆನೆಯಬೇಕು. ಡೆಂಗೆಕಿ ಬಹುಮಾನದ 2002ರ ಸ್ಪರ್ಧೆಗೆಂದು ಬರೆದ ಕಥೆಯು ನಿಯಮಿತ ಪುಟಗಳ ಮೇರೆಯನ್ನು ಮೀರಿ ಬೆಳೆದುದರಿಂದ, ಕವಹರ ಅವರು ಅದನ್ನು ಸ್ಪರ್ಧೆಗೆ ಕಳುಹಿಸದೆ, ಕುನೊರಿ ಫುಮಿಯೊ ಎಂಬ ಅಂಕಿತದಿಂದ ಅಂತರ್ಜಾಲದ ಓದುಗರ ಕೈಗೆ ಉಚಿತವಾಗಿ ಇತ್ತರು. ‘ಆಕ್ಸೆಲ್ ವರ್ಲ್ಡ್’ ಎಂಬ ಅವರ ಬೇರೊಂದು ಕಾದಂಬರಿಗೆ ಅದೇ ಬಹುಮಾನದ ಅಗ್ರಸ್ಥಾನವು ದೊರೆತ ಬಳಿಕವೇ, 2009ರ ಏಪ್ರಿಲಿನಲ್ಲಿ, ಇದು ಅಚ್ಚಿನ ಪುಸ್ತಕವಾಯಿತು. ಸ್ಪರ್ಧೆಯ ಸಂಕೋಚವು ಮೊದಲ ಸಂಪುಟದ ಮೇಲೆ ಅಳಿಸಲಾಗದ ಗುರುತನ್ನು ಬಿಟ್ಟಿದೆ. ಮೊದಲ ಅಂತಸ್ತಿನಲ್ಲಿ ಜನರು ಸೆರೆಯಾದುದನ್ನು ಹೇಳಿದ ಲೇಖನಿಯು ಒಮ್ಮೆಗೇ ಎರಡು ವರ್ಷಗಳನ್ನು ದಾಟಿ ಎಪ್ಪತ್ತನಾಲ್ಕನೆಯ ಅಂತಸ್ತಿಗೆ ನೆಗೆಯುತ್ತದೆ. ನಡುವೆ ಸಾವಿರಾರು ಮಂದಿ ಸತ್ತರೆಂಬುದು ಸಂಖ್ಯೆಯಾಗಿ ತಿಳಿಯುವುದೇ ಹೊರತು ಅನುಭವವಾಗಿ ತಟ್ಟುವುದಿಲ್ಲ. ಆದರೆ ಈ ಕೊರತೆಯೇ ಮುಂದೆ ಸಂಪತ್ತಿಗೆ ಕಾರಣವಾಯಿತು. ಲೇಖಕನು ನೆಗೆದುಹೋದ ಕಾಲದ ತುಣುಕುಗಳನ್ನು ಒಂದೊಂದಾಗಿ ಬಿಡಿಗಥೆಗಳಲ್ಲಿ ತುಂಬಿಸಿದನು. ಎರಡನೆಯ ಸಂಪುಟವು ಅಂತಹ ಉಪಕಥೆಗಳಿಂದಲೇ ಕೂಡಿದೆ. 2012ರಲ್ಲಿ ಮೊದಲಾದ ‘ಪ್ರೋಗ್ರೆಸಿವ್’ ಎಂಬ ಮಾಲೆಯಾದರೋ ಅಂತಸ್ತುಗಳನ್ನು ತಳದಿಂದ ಮತ್ತೊಮ್ಮೆ ಹತ್ತತೊಡಗಿತು. ಬರೆದು ಮುಗಿಸಿದ ಕಥೆಯ ಒಳಕ್ಕೆ ಮರಳಿ ಹೋಗಿ ಅದರ ಖಾಲಿಜಾಗಗಳಲ್ಲಿ ಮನೆ ಮಾಡುವ ಈ ಪದ್ಧತಿಯು, ಓದುಗರೊಡನೆ ಹಂಚಿಕೊಳ್ಳುತ್ತ ಬೆಳೆಯುವ ಸಾಹಿತ್ಯಕ್ಕೆ ಸಹಜವಾದುದು.

ಆ ಉಪಕಥೆಗಳಲ್ಲಿ ಸಚಿ ಎಂಬ ಹುಡುಗಿಯದು ಮರೆಯಲಾಗದ್ದು. ನಾಯಕನಾದ ಕಿರಿತೊ ತನ್ನ ಹೆಚ್ಚಿನ ಶಕ್ತಿಯನ್ನು ಮರೆಮಾಚಿ, ಐವರು ಮಿತ್ರರ ದುರ್ಬಲ ತಂಡವೊಂದನ್ನು ಸೇರುವನು. ಅವನ ಮೌನದ ಫಲವಾಗಿ ಸಚಿಯೂ ಸೇರಿ ಅವರಲ್ಲಿ ನಾಲ್ವರು ತಮ್ಮ ಬಲಕ್ಕೆ ಮೀರಿದ ಬೋನೊಂದನ್ನು ಹೊಕ್ಕು ಹತರಾಗುವರು. ಆಕೆ ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಮಾತುಗಳು ಕ್ರಿಸ್ಮಸ್ಸಿನ ರಾತ್ರಿ ಅವನ ಕಿವಿಗೆ ಬೀಳುವಾಗ, ಅವನ ಗುಟ್ಟನ್ನು ಆಕೆ ಅರಿತಿದ್ದಳೆಂದೂ ಅದನ್ನೇ ಧೈರ್ಯಕ್ಕೆ ಆಧಾರವಾಗಿ ಹಿಡಿದಿದ್ದಳೆಂದೂ ತಿಳಿಯುತ್ತದೆ. ಇಲ್ಲಿ ಪಾತಕವು ಯಂತ್ರದ್ದಲ್ಲ, ಮನುಷ್ಯನ ಸಂಕೋಚದ್ದು. ಆದಕಾರಣವೇ ಕರುಣವು ಸಿದ್ಧಿಸಿದೆ.

ಇನ್ನು ಮೊದಲ ಸಂಪುಟದಲ್ಲಿಯೂ ನನಗೆ ಕತ್ತಿಯ ಕಾಳಗಗಳಿಗಿಂತ ಪ್ರಿಯವಾದುದು ಕಥಾನಾಯಿಕೆಯಾದ ಅಸುನಳ ಅಡುಗೆ. ಸೋಯಾ ಸಾಸ್ ಎಂಬುದೇ ಇಲ್ಲದ ಆ ಲೋಕದಲ್ಲಿ, ನೂರಾರು ಸಾಮಗ್ರಿಗಳ ರುಚಿಯ ಲೆಕ್ಕವನ್ನು ಪರೀಕ್ಷಿಸಿ ಪರೀಕ್ಷಿಸಿ, ತನ್ನ ನಾಡಿನ ಆ ರುಚಿಯನ್ನು ಅವಳು ಮರಳಿ ಕಟ್ಟುವಳು. ಇಪ್ಪತ್ತೆರಡನೆಯ ಅಂತಸ್ತಿನ ಕೊಳದ ಬಳಿ ಮೀನು ಹಿಡಿಯುತ್ತ ಕಾಲ ಕಳೆಯುವ ನಿಶಿದ ಎಂಬ ಹಿರಿಯನಿಗೆ, ಮೀನುಂಟು, ಅದಕ್ಕೆ ತಕ್ಕ ವ್ಯಂಜನವಿಲ್ಲವೆಂಬ ಕೊರಗು ಅದರಿಂದ ನೀಗುವುದು. ಸೆರೆಮನೆಯಲ್ಲಿ ಬದುಕು ಹೇಗೆ ಬೇರೂರುತ್ತದೆಂಬುದನ್ನು ತೋರಲು ಇದಕ್ಕಿಂತ ಉಚಿತವಾದ ವಿವರವು ದೊರೆಯಲಾರದು.

ದೋಷಗಳನ್ನು ಮರೆಮಾಚುವುದು ವಿಮರ್ಶಕನಿಗೆ ತಕ್ಕುದಲ್ಲ. ಮುಂದಿನ ‘ಫೇರಿ ಡಾನ್ಸ್’ ಭಾಗದಲ್ಲಿ, ಅಷ್ಟು ಸ್ವತಂತ್ರಳಾಗಿದ್ದ ಅಸುನಳನ್ನು ಪಂಜರದಲ್ಲಿ ಕೂಡಿಹಾಕಿ, ಖಳನೊಬ್ಬನ ಕಾಮುಕತೆಗೆ ಗುರಿಮಾಡಿ, ನಾಯಕನು ಬಿಡಿಸಿಕೊಳ್ಳಬೇಕಾದ ವಸ್ತುವಿನ ಮಟ್ಟಕ್ಕೆ ಇಳಿಸಿದುದು ಕಥೆಯ ಔಚಿತ್ಯವನ್ನೇ ಮುರಿಯುತ್ತದೆ. ಸಂಧಿಸಿದ ತರುಣಿಯರೆಲ್ಲರೂ ಕಿರಿತೊವಿಗೆ ಮನಸೋಲುವ ಪರಿಪಾಠವೂ ಓದುಗರನ್ನು ಒಲಿಸಿಕೊಳ್ಳುವ ಆತುರದಿಂದ ಬಂದುದೆಂದು ನನಗೆ ತೋರುತ್ತದೆ.

ಆದರೆ 2011ರಲ್ಲಿ ಹೊರಬಂದ ಏಳನೆಯ ಸಂಪುಟ, ‘ಮದರ್ಸ್ ರೊಸಾರಿಯೊ’, ಈ ಎಲ್ಲ ಕೊರತೆಗಳನ್ನು ತುಂಬಿಕೊಡಬಲ್ಲ ಕೃತಿ. ಯೋಗವಾಸಿಷ್ಠದ ಲವಣರಾಜನ ಕಥೆಯನ್ನು ಬಲ್ಲವರಿಗೆ ಇದರ ತಿರುಳು ಅಪರಿಚಿತವಾಗದು: ಐಂದ್ರಜಾಲಿಕನು ಆಡಿಸಿದ ನವಿಲುಗರಿಯ ಮುಂದೆ ಕೆಲವೇ ಕ್ಷಣ ಕುಳಿತ ಆ ಅರಸನು ಚಂಡಾಲನಾಗಿ ಒಂದು ಜೀವಮಾನವನ್ನೇ ಕಳೆದು ಎಚ್ಚರಗೊಂಡ ಮೇಲೆ, ವಿಂಧ್ಯಾಟವಿಗೆ ಹೋಗಿ ನೋಡಲು, ತನ್ನ ಭ್ರಾಂತಿಯ ಬಂಧುಗಳು ಅಲ್ಲಿ ನಿಜವಾಗಿಯೇ ತನಗಾಗಿ ರೋದಿಸುತ್ತಿರುವುದನ್ನು ಕಾಣುವನು. ಕವಹರ ಅವರ ಯೂಕಿ ಎಂಬ ಬಾಲೆ ಇದರ ವಿಲೋಮದಲ್ಲಿ ನಿಂತಿದ್ದಾಳೆ. ಹುಟ್ಟುವಾಗ ನಡೆದ ರಕ್ತಪೂರಣದಿಂದ ಏಡ್ಸ್ ರೋಗವು ಅಂಟಿ, ಹದಿನೈದರ ಹರೆಯದಲ್ಲಿ ಆಸ್ಪತ್ರೆಯ ಯಂತ್ರವೊಂದಕ್ಕೆ ಕಟ್ಟುಬಿದ್ದ ಆ ದೇಹಕ್ಕೆ, ಓಡಾಡುವುದಕ್ಕೂ ಗೆಳೆಯರನ್ನು ಪಡೆಯುವುದಕ್ಕೂ ಕಲ್ಪಿತಲೋಕವೊಂದೇ ಉಳಿದಿದೆ. ಅಲ್ಲಿ ಅವಳನ್ನು ಸೋಲಿಸಬಲ್ಲವರಿಲ್ಲ. ಆಟದಲ್ಲಿ ಸತ್ತರೆ ನಿಜವಾಗಿ ಸಾಯುವರೆಂಬ ಹಳೆಯ ಉಪಾಯವು ಇಲ್ಲಿ ಬೇಕಾಗಿಯೇ ಇಲ್ಲ. ಮೃತ್ಯುವು ಹೊರಗಿನಿಂದ, ದೇಹದ ಕಡೆಯಿಂದ ಬರುತ್ತಿದೆ, ಯಂತ್ರವು ಬದುಕಿಗೆ ಆಸರೆಯಾಗಿದೆ.

ಇದೇ ಸಂಪುಟದಲ್ಲಿ ಅಸುನಳು ಇಂತಹ ಲೋಕಗಳನ್ನು ವ್ಯರ್ಥವೆಂದು ತಳ್ಳಿದ ತನ್ನ ತಾಯಿಯನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವಳು. ಮಿಯಾಗಿ ಪ್ರಾಂತದಲ್ಲಿದ್ದ ಆ ತಾಯಿಯ ತವರನ್ನು ನೆನಪಿಗೆ ತರುವ, ಹಿಮ ಮುಸುಕಿದ ಮರಗಳ ನೋಟವೊಂದು ಅಲ್ಲಿದೆ. ಕಠಿಣಳಾದ ಆ ವಿದ್ಯಾವಂತೆಗೆ ಕಣ್ಣೀರು ಬಂದಾಗ ಅದನ್ನು ತಡೆಯಲಾಗುವುದಿಲ್ಲ. ಏಕೆಂದರೆ ಆ ಲೋಕದ ನಿಯಮದಂತೆ ಯಾರೂ ಅಳುವನ್ನು ಅಡಗಿಸಲಾರರು. ಕೃತಕವೆನಿಸುವ ನಿಯಮವೊಂದು ಮನೆಯಲ್ಲಿ ಎಂದೂ ಆಡಲಾಗದ ಮಾತಿಗೆ ದಾರಿಯನ್ನು ತೆರೆದುದನ್ನು ಲೇಖಕನು ಇಲ್ಲಿ ಅತ್ಯಂತ ಸಂಯಮದಿಂದ ನಿರೂಪಿಸಿದ್ದಾನೆ. ಕತ್ತಿಯಿಲ್ಲದ, ಸೆರೆಯಿಲ್ಲದ, ಖಳನಿಲ್ಲದ ಈ ಪುಟಗಳನ್ನು ನಾನು ಐನ್‌ಕ್ರಾಡಿನ ನೂರು ಅಂತಸ್ತುಗಳಿಗಿಂತ ಮೇಲೆ ಇರಿಸುವೆನು. ಈ ಬಗೆಯ ಕಥೆಗಳನ್ನು ಬರೆಯಹೊರಟ ತರುಣರು ಕಯಬನ ಶಿರಸ್ತ್ರಾಣವನ್ನು ಅನುಕರಿಸುವ ಮೊದಲು ಇವುಗಳನ್ನು ಓದಬೇಕೆಂದು ಬಯಸುವೆನು.