ಕಿವಿಮೊರೆತಕ್ಕೆ ಕಾಂತ ಚಿಕಿತ್ಸೆ: ಫಲ ಎಷ್ಟು ಕಾಲ?

ನಸುಕಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಸುತ್ತಲೂ ನಿಶ್ಶಬ್ದ. ಆದರೂ ನಿಮ್ಮ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದೆಯೇ? ಅದೇ ಕಿವಿಮೊರೆತ, ಅಂದರೆ ಟಿನ್ನಿಟಸ್. ತಲೆಯ ಮೇಲಿಟ್ಟ ಸುರುಳಿಯಿಂದ ಕಾಂತೀಯ ಸ್ಪಂದಗಳನ್ನು ಹಾಯಿಸಿ, ಮಿದುಳಿನ ಶ್ರವಣ ಭಾಗದ ಅತಿಯಾದ ಚಟುವಟಿಕೆಯನ್ನು ತಗ್ಗಿಸುವುದು ಕಾಂತ ಚಿಕಿತ್ಸೆಯ ಉದ್ದೇಶ.

2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, 10 ದಿನ ಚಿಕಿತ್ಸೆ ಪಡೆದವರಲ್ಲಿ ಶೇ. 56 ಮಂದಿಗೆ ಉಪಶಮನವಾಯಿತು. ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇ. 22 ಮಂದಿಗೆ. ಅವರನ್ನು ಗಮನಿಸಿದ್ದು 26 ವಾರ ಮಾತ್ರ. 2017ರ ಜರ್ಮನಿಯ ಬಹುಕೇಂದ್ರ ಅಧ್ಯಯನದಲ್ಲಿ ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಫಲ ಕಾಣಲಿಲ್ಲ.

ವರ್ಷಗಟ್ಟಲೆ ಕಾಡುವ ತೊಂದರೆಗೆ 26 ವಾರದ ಲೆಕ್ಕ ಸಾಲದು. ನಂದಿಯ ಬಳಿ ನಿಂತು ಬೆಟ್ಟ ಹತ್ತಿ ಮುಗಿಯಿತೆನ್ನಲಾದೀತೇ? ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಾಂತ ಚಿಕಿತ್ಸೆಗೆ ಹಣ ತೆರುವ ಮುನ್ನ, ವರ್ಷದ ನಂತರವೂ ಎಷ್ಟು ಮಂದಿಗೆ ಫಲ ಉಳಿದಿದೆಯೆಂದು ಕೇಳಿ.