ಮರಗೆಲಸದ ಚಪ್ಪರದ ಗಾಳಿ

ಮರ ಕೊಯ್ಯುವಾಗ, ಉಜ್ಜುವಾಗ ಏಳುವ ಹುಡಿಯಲ್ಲಿ ಕಣ್ಣಿಗೆ ಕಾಣುವ ಪಾಲು ಕೆಲಸಗಾರನ ಕಾಲಬುಡದಲ್ಲೇ ಬೀಳುತ್ತದೆ. ತೊಂದರೆ ಕೊಡುವುದು ಕಾಣದ ಪಾಲು. 10 ಮೈಕ್ರಾನಿಗಿಂತ ಸಣ್ಣ ಕಣಗಳು ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುತ್ತವೆ, 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಹೋಗಬಲ್ಲವು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಲುಗದ ಗಾಳಿಯಲ್ಲಿ, ನೀರಿನಷ್ಟು ಸಾಂದ್ರತೆಯ 10 ಮೈಕ್ರಾನಿನ ಕಣ ಎರಡು ಮೀಟರ್ ಎತ್ತರದಿಂದ ನೆಲ ಮುಟ್ಟಲು ಹನ್ನೊಂದು ನಿಮಿಷದಷ್ಟು ಹೊತ್ತು ಬೇಕು. 1 ಮೈಕ್ರಾನಿನ ಕಣಕ್ಕೆ ಬೇಕಾಗುವುದು ಸುಮಾರು ಹದಿನಾರು ಗಂಟೆ. ಸಂಜೆ ಮೆಶಿನ್ ನಿಲ್ಲಿಸಿ ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಮರುದಿನ ಬೆಳಿಗ್ಗೆ ಮೊದಲ ಉಸಿರಿಗೆ ಸಿಗುವುದು ಹಿಂದಿನ ದಿನದ ಹುಡಿ.

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯ ಬೆಳುವಾಯಿಯಂಥ ಊರುಗಳಲ್ಲಿ ಮರಗೆಲಸ ನಡೆಯುವುದು ಹೆಚ್ಚಾಗಿ ಮನೆಗೆ ತಾಗಿದ ಶೀಟಿನ ಚಪ್ಪರದಲ್ಲಿ, ಇಲ್ಲವೇ ದನ ಕಟ್ಟುವುದು ನಿಂತ ಮೇಲೆ ಖಾಲಿಯಾದ ಹಟ್ಟಿಯಲ್ಲಿ. ಒಂದು ಪಕ್ಕದಲ್ಲಿ ಅಡಿಕೆ ಒಣಗುವ ಅಂಗಳ, ಇನ್ನೊಂದು ಪಕ್ಕದಲ್ಲಿ ಬಾವಿ, ಜಗಲಿಯಲ್ಲಿ ಬೀಡಿ ಕಟ್ಟುವವರು. ಹೀಗಾಗಿ ಇಲ್ಲಿ ಗಾಳಿಯ ಪ್ರಶ್ನೆ ಬಡಗಿಯೊಬ್ಬನದ್ದಲ್ಲ. ಹೊಗೆಸೊಪ್ಪಿನ ಹುಡಿಯನ್ನು ಮೊದಲೇ ಉಸಿರಾಡುತ್ತಿರುವ ಹೆಂಗಸರಿಗೂ ಚಾವಡಿಯಲ್ಲಿ ಮಲಗಿರುವ ಮಗುವಿಗೂ ಅದರಲ್ಲಿ ಪಾಲಿದೆ.

ಮರದ ಹುಡಿಯ ಕೆಡುಕು ಗೊತ್ತಾದದ್ದು ತಡವಾಗಿ. ಇಂಗ್ಲೆಂಡಿನ ಹೈ ವಿಕಂಬ್ ಪೀಠೋಪಕರಣಕ್ಕೆ ಹೆಸರಾದ ಊರು. ಅಲ್ಲಿನ ಮರಗೆಲಸದವರಲ್ಲಿ ಮೂಗಿನೊಳಗಿನ ಅಪರೂಪದ ಕ್ಯಾನ್ಸರ್ ಮತ್ತೆ ಮತ್ತೆ ಕಾಣಿಸುತ್ತಿದೆ ಎಂಬುದನ್ನು ಕಿವಿ-ಮೂಗು-ಗಂಟಲಿನ ಶಸ್ತ್ರವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ 1960ರ ದಶಕದಲ್ಲಿ ಗುರುತಿಸಿದರು. ಅವರೂ ಸಹೋದ್ಯೋಗಿಗಳೂ ಬರೆದ ಲೇಖನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಹುಡಿಯನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆ ಪುರಾವೆಯ ಬಹುಪಾಲು ಓಕ್, ಬೀಚ್ ಮರಗಳದ್ದು. ಅದನ್ನೇ ಹಿಡಿದು ಹಲಸು, ಹೆಬ್ಬಲಸುಗಳಿಗೂ ಅಷ್ಟೇ ಪ್ರಮಾಣದ ಅಪಾಯ ಹೇಳುವುದು ಸರಿಯಲ್ಲ. ಆದರೆ ಸಾಗುವಾನಿ, ಬೀಟಿಗಳ ಹುಡಿಗೆ ಚರ್ಮ ತುರಿಸುವುದು, ಕಣ್ಣು ಉರಿಯುವುದು ಊರಿನ ಬಡಗಿಗಳಿಗೆ ಹೊಸ ಸುದ್ದಿಯೇನಲ್ಲ. ಎಂಡಿಎಫ್ ಹಲಗೆಯದ್ದು ಬೇರೆಯೇ ಕತೆ. ಅದು ಮರವನ್ನು ನಾರಾಗಿ ಬಿಡಿಸಿ, ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಕೊಯ್ದರೆ ಚೆಕ್ಕೆ ಬರುವುದಿಲ್ಲ, ಹಿಟ್ಟೇ ಬರುತ್ತದೆ.

ಮರದ ಹುಡಿಗೆ ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯಾದ ನಿಯೋಶ್ ಶಿಫಾರಸು ಮಾಡುವ ಮಿತಿ ಒಂದು ಘನ ಮೀಟರ್ ಗಾಳಿಗೆ 1 ಮಿಲಿಗ್ರಾಂ. ಯುರೋಪಿಯನ್ ಒಕ್ಕೂಟ ಗಟ್ಟಿಮರದ ಹುಡಿಗೆ 2023ರಿಂದ 2 ಮಿಲಿಗ್ರಾಂ ಎಂದಿದೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೊಟ್ಟಿಗೆಯಲ್ಲಿ 60 ಘನ ಮೀಟರ್ ಗಾಳಿ ಇರುತ್ತದೆ. ನಿಯೋಶ್ ಮಿತಿ ಮುಟ್ಟಲು ಅದರಲ್ಲಿ 60 ಮಿಲಿಗ್ರಾಂ ಹುಡಿ ತೇಲುತ್ತಿದ್ದರೆ ಸಾಕು. ಮೂರು ಅಕ್ಕಿಕಾಳಿನ ತೂಕ. ದಿನಕ್ಕೊಂದು ಗೋಣಿ ಹುಡಿ ಹೊರಹಾಕುವ ಕೊಟ್ಟಿಗೆಯಲ್ಲಿ ಇಷ್ಟು ಉಳಿದುಕೊಂಡದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನೆಲ ಚೊಕ್ಕಟವಾಗಿದೆ ಎಂದು ಗಾಳಿಯೂ ಚೊಕ್ಕಟ ಎಂದುಕೊಳ್ಳುವ ತಪ್ಪು ಇಲ್ಲಿಂದ ಹುಟ್ಟುತ್ತದೆ.

ಕಾನೂನು ಈ ಚಪ್ಪರದೊಳಗೆ ಬರುವುದಿಲ್ಲ. ಧೂಳು ಹೀರುವ ಸಾಧನ ಧೂಳು ಏಳುವ ಜಾಗಕ್ಕೆ ಆದಷ್ಟು ಹತ್ತಿರ ಇರಬೇಕು, ಆ ಜಾಗವನ್ನು ಆದಷ್ಟು ಮುಚ್ಚಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ ಹೇಳಿತ್ತು. ಅದು ಅನ್ವಯವಾಗುತ್ತಿದ್ದದ್ದು ವಿದ್ಯುತ್ ಬಳಸುವ, ಹತ್ತು ಜನ ದುಡಿಯುವ ಜಾಗಕ್ಕೆ. ಅದರ ಜಾಗಕ್ಕೆ ಬಂದ 2020ರ ವೃತ್ತಿ ಸುರಕ್ಷತೆಯ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಸಣ್ಣ ಜಾಗಗಳಿಗೂ ಕಾಯ್ದೆಯನ್ನು ವಿಸ್ತರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟ 85ನೇ ಕಲಂ, ಮನೆಯವರ ನೆರವಿನಿಂದಷ್ಟೇ ಕೆಲಸ ನಡೆಸುವ ಮಾಲೀಕನನ್ನು ಹೊರಗಿಟ್ಟಿತ್ತು. ಆದರೂ ಧೂಳು ಏಳುವಲ್ಲೇ ಹಿಡಿಯಬೇಕೆಂಬ, ಇಲ್ಲಿಗೆ ಅನ್ವಯವಾಗದ ಆ 14ನೇ ಕಲಮಿನ ಮಾತಿನಲ್ಲಿ ಈಗಿನ ಮಾರಾಟದ ಕರಪತ್ರಗಳಿಗಿಂತ ಹೆಚ್ಚು ವಿವೇಕವಿದೆ.

ಮಾರುಕಟ್ಟೆಯ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಮಾಸ್ಕ್, ಆಮೇಲೆ ಫಿಲ್ಟರ್, ದುಡ್ಡಿದ್ದರೆ ಹೀರುವ ಮೆಶಿನ್. ಹುಡಿಯನ್ನೇ ಕಡಿಮೆ ಎಬ್ಬಿಸುವ ಮಾತು ಬರುವುದೇ ಇಲ್ಲ, ಏಕೆಂದರೆ ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಲಾಗದು. ಹುಡಿ ಕಡಿಮೆ ಎಬ್ಬಿಸುವ ಕೆಲಸಕ್ಕೆ ಮಾದರಿ ಹತ್ತಿರದಲ್ಲೇ ಇದೆ. ಮೂಡುಬಿದಿರೆಯ ಚೌಟ ಅರಸರ ಅರಮನೆಯ ಮರದ ಕಂಬಗಳಲ್ಲಿ ನವನಾರಿ ಕುಂಜರ, ಪಂಚನಾರಿ ತುರಗಗಳ ಕೆತ್ತನೆಯಿದೆ. 1430ರ ಸಾವಿರ ಕಂಬದ ಬಸದಿಯ ಮೇಲಂತಸ್ತೂ ಮರದ್ದೇ. ಅವನ್ನು ಮಾಡಿದ್ದು ಕರೆಂಟಿಲ್ಲದ ಕಾಲದ ಉಳಿ, ಕೊಡತಿ, ಕೀಸುಳಿಗಳಿಂದ. ಉಳಿ ಮರವನ್ನು ಸೀಳಿ ಚೆಕ್ಕೆ ತೆಗೆಯುತ್ತದೆ, ಕೀಸುಳಿ ಸುರುಳಿ ತೆಗೆಯುತ್ತದೆ. ಸ್ಯಾಂಡರ್ ಮರದ ಮೈಯನ್ನು ಪುಡಿ ಮಾಡುತ್ತದೆ. ಇದು ಹಳೆಯದನ್ನು ಹೊಗಳುವ ಮಾತಲ್ಲ. ಇಡೀ ಬಾಗಿಲನ್ನು ಕೈ ಕೀಸುಳಿಯಲ್ಲಿ ಮುಗಿಸಿ ಇಂದಿನ ಕೂಲಿಯಲ್ಲಿ ಯಾರೂ ಬದುಕಲಾರರು. ಆದರೂ ಚೂಪಾದ ಕೀಸುಳಿ ಹೊಡೆದ ಹಲಗೆಗೆ 80ರ ಉಪ್ಪುಕಾಗದ ಬೇಡವೇ ಬೇಡ; 180ರಿಂದ ಶುರು ಮಾಡಿದರೆ ನಡೆಯುತ್ತದೆ, ಹುಡಿಯ ದೊಡ್ಡ ಪಾಲು ಹುಟ್ಟುವುದೇ ಇಲ್ಲ. ಮೊಂಡಾದ ಬ್ಲೇಡು, ಸವೆದ ಉಪ್ಪುಕಾಗದ ಮರವನ್ನು ಕತ್ತರಿಸದೆ ಅರೆಯುತ್ತವೆ. ಬ್ಲೇಡಿಗೆ ಸಾಣೆ ಹಿಡಿಸುವುದು ಗಾಳಿ ಶುದ್ಧಿಯ ಅಗ್ಗದ ಉಪಾಯಗಳಲ್ಲೊಂದು.

ಎರಡನೆಯದು ಜಾಗ ಮತ್ತು ಗಾಳಿಯ ದಿಕ್ಕು. ಮನೆಯ ಮರಗೆಲಸದ ಬಗ್ಗೆ ಸಿಗುವ ಬಹುತೇಕ ಸಲಹೆ ಚಳಿ ದೇಶಗಳದ್ದು. ಅಲ್ಲಿ ಒಳಗಿನ ಬಿಸಿ ಗಾಳಿಯನ್ನು ಹೊರಗೆ ಬಿಟ್ಟರೆ ಅದನ್ನು ಕಾಯಿಸಿದ ಖರ್ಚೂ ಹೊರಗೆ ಹೋಗುತ್ತದೆ. ಹಾಗಾಗಿ ಅದೇ ಗಾಳಿಯನ್ನು ಸೋಸಿ ಒಳಗೇ ತಿರುಗಿಸುತ್ತಾರೆ. ಬೆಳುವಾಯಿಯಲ್ಲಿ ಉಳಿಸಿಕೊಳ್ಳಬೇಕಾದ ಬಿಸಿ ಯಾವುದೂ ಇಲ್ಲ. ಒಳಗಿನದ್ದನ್ನು ಹೊರಗೆ ತಳ್ಳುವುದೇ ಸುಲಭ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಕಡೆಯ ಗಾಳಿ ಪಡುವಣದಿಂದ ಬರುತ್ತದೆ, ಮಳೆಗಾಲದ ಗಾಳಿಯೂ ಹೆಚ್ಚುಕಡಿಮೆ ಅದೇ ದಿಕ್ಕಿನದು. ಆದ್ದರಿಂದ ಎಕ್ಸಾಸ್ಟ್ ಫ್ಯಾನಿಗೆ ಮೂಡಣ ಗೋಡೆ ಸರಿಯಾದ ಜಾಗ. ಪಡುವಣ ಗೋಡೆಯಲ್ಲಿ ಇರಚಲು ಹೊಡೆಯದಂತೆ ಸೂರಿನಡಿ ಕಿಂಡಿ ಬಿಟ್ಟರೆ ಕೊಟ್ಟಿಗೆಯ ಉದ್ದಕ್ಕೂ ಗಾಳಿ ಹರಿಯುತ್ತದೆ. 12 ಇಂಚಿನ ಸಾಮಾನ್ಯ ಫ್ಯಾನು ಅಡ್ಡಿಯಿಲ್ಲದಾಗ ಗಂಟೆಗೆ ಸಾವಿರ ಘನ ಮೀಟರಿನ ಆಸುಪಾಸು ಗಾಳಿ ತಳ್ಳುತ್ತದೆ. ವಾಸ್ತವದಲ್ಲಿ 600 ಎಂದಿಟ್ಟುಕೊಂಡರೂ 60 ಘನ ಮೀಟರಿನ ಕೊಟ್ಟಿಗೆಯಲ್ಲಿ ಗಾಳಿ ಆರು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಕೆಲಸ ನಿಂತ ಮೇಲೆ ಅರ್ಧ ಗಂಟೆ ಫ್ಯಾನು ತಿರುಗಿದರೆ, ಗಾಳಿ ಚೆನ್ನಾಗಿ ಬೆರೆಯುವ ಕಡೆ, ತೇಲುವ ಹುಡಿಯಲ್ಲಿ ನೂರಕ್ಕೆ ಒಂದು ಪಾಲೂ ಉಳಿಯದು. ಫ್ಯಾನಿನ ಬಾಯಿಗೆ ನೇರವಾಗಿ ಬಾವಿ, ಅಡಿಕೆ ಅಂಗಳ, ನೆರೆಮನೆಯ ಕಿಟಕಿ ಇರಬಾರದು ಎಂಬುದೊಂದೇ ಷರತ್ತು. ಹತ್ತು ಸೆಂಟ್ಸಿನ ಜಾಗದಲ್ಲಿ ಅದೇನೂ ಸಣ್ಣ ಷರತ್ತಲ್ಲ.

ಮೇಲಿನಿಂದ ತಿರುಗುವ ಸೀಲಿಂಗ್ ಫ್ಯಾನು ಇದಕ್ಕೆ ಬದಲಿ ಅಲ್ಲವೇ ಅಲ್ಲ. ಅದು ಗಾಳಿ ಬದಲಿಸುವುದಿಲ್ಲ, ಕೂತ ಹುಡಿಯನ್ನು ಎಬ್ಬಿಸುತ್ತದೆ. ಮಂಗಳೂರು ಹಂಚಿನ ಮಾಡಿನ ಪಕ್ಕಾಸು, ರೀಪುಗಳ ಮೇಲೆ ವರ್ಷಗಟ್ಟಲೆ ಕೂತ ಹುಡಿ ಅದರ ಬಂಡವಾಳ. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ತಾನಾಗಿ ಮೇಲೆ ಹೋಗುವುದರಿಂದ ಸ್ಲ್ಯಾಬಿನ ಕೋಣೆಗಿಂತ ಹಂಚಿನ ಮಾಡು ಒಳ್ಳೆಯದು ನಿಜ, ಆದರೆ ಆ ಮರದಟ್ಟನ್ನು ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸುವವರಿದ್ದರೆ ಮಾತ್ರ.

ಡಸ್ಟ್ ಕಲೆಕ್ಟರ್ ಎಂಬ ಚೀಲದ ಮೆಶಿನಿನ ವಿಮರ್ಶೆ ಸ್ವಲ್ಪ ಕಟುವಾಗಿಯೇ ಆಗಬೇಕು. ಅಗ್ಗದವುಗಳ ಬಟ್ಟೆ ಚೀಲ ದೊಡ್ಡ ಹುಡಿಯನ್ನು ಹಿಡಿದುಕೊಂಡು ನುಣ್ಣನೆಯದನ್ನು ನೇಯ್ಗೆಯ ಸಂದಿಯಿಂದ ಹೊರಬಿಡುತ್ತದೆ. ಹೊಸ ಚೀಲ ಹೆಚ್ಚು ಬಿಡುತ್ತದೆ. ಹಳೆಯದು ಹುಡಿ ಮೆತ್ತಿಕೊಂಡು ಕಡಿಮೆ ಬಿಡುತ್ತದೆ, ಜೊತೆಗೆ ಹೀರುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಕೊಟ್ಟಿಗೆಯೊಳಗೇ ಇಟ್ಟರೆ ಅದು ಗುಡಿಸಿದರೆ ಹೋಗುವ ಹುಡಿಯನ್ನು ಚೀಲಕ್ಕೆ ತುಂಬಿ, ಗುಡಿಸಲಾಗದ್ದನ್ನು ಗಾಳಿಗೆ ಊದುವ ಯಂತ್ರ. ಅದೇ ಮೆಶಿನನ್ನು ಗೋಡೆಯ ಹೊರಗೆ ಶೀಟಿನ ಮರೆಯಲ್ಲಿಟ್ಟು ಪೈಪನ್ನು ಮಾತ್ರ ಒಳಗೆ ತಂದರೆ ದೋಷದ ಬಹುಪಾಲು ನೀಗುತ್ತದೆ. ಪೈಪಿನ ಬಾಯಿ ಎಲ್ಲಿದೆ ಎಂಬುದೂ ಮುಖ್ಯ: ಬಾಯಿಯಿಂದ ಒಂದು ಅಡಿ ದೂರ ಸರಿದರೆ ಸೆಳೆತ ಬಹುತೇಕ ಸತ್ತಿರುತ್ತದೆ. ಕೈ ಸ್ಯಾಂಡರಿಗೆ, ರೌಟರಿಗೆ ದೊಡ್ಡ ಕಲೆಕ್ಟರಿಗಿಂತ ಸಣ್ಣ ಪೈಪಿನ, ಜೋರಾಗಿ ಸೆಳೆಯುವ ವ್ಯಾಕ್ಯೂಮ್ ಕ್ಲೀನರ್ ವಾಸಿ. ಅದಕ್ಕೆ 0.3 ಮೈಕ್ರಾನಿನ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ಇರಬೇಕು; ಮನೆ ಗುಡಿಸುವ ಸಾಮಾನ್ಯ ಕ್ಲೀನರು ಹಿಂದಿನಿಂದ ಹುಡಿ ಕಕ್ಕುತ್ತದೆ. ನಡುವೆ ಸೈಕ್ಲೋನ್ ಬಕೆಟ್ ಸೇರಿಸಿದರೆ ದಪ್ಪ ಹುಡಿ ಅಲ್ಲೇ ಬಿದ್ದು ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಬಕೆಟ್ ತಾನಾಗಿ ಗಾಳಿ ಶುದ್ಧ ಮಾಡುತ್ತದೆ ಎಂದು ಹೇಳುವವರು ಅದನ್ನು ಮಾರುವವರು.

ಮಳೆಗಾಲ ಲೆಕ್ಕವನ್ನು ಬದಲಿಸುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪರದ ಬದಿಗೆಲ್ಲ ಟರ್ಪಾಲು ಇಳಿಬಿಟ್ಟು ಕೆಲಸ ನಡೆಯುತ್ತದೆ. ತೆರೆದ ಚಪ್ಪರ ಮುಚ್ಚಿದ ಕೋಣೆಯಾಗುತ್ತದೆ. ಸೋಸುವ ಪೆಟ್ಟಿಗೆಗೆ ಇಲ್ಲಿ ಬೆಲೆ ಬರುವುದು ಆಗಲೇ. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಅವರ ಹೆಸರಲ್ಲಿ ಬಳಕೆಗೆ ಬಂದ ಪೆಟ್ಟಿಗೆ, ಅಂದರೆ ನಾಲ್ಕೈದು ಮಡಿಕೆ ಫಿಲ್ಟರುಗಳನ್ನು ಚೌಕವಾಗಿ ಜೋಡಿಸಿ ಮೇಲೆ ಫ್ಯಾನು ಕೂರಿಸಿದ್ದು, ಯಾರು ಬೇಕಾದರೂ ಮಾಡಿಕೊಳ್ಳಬಹುದಾದಷ್ಟು ಸರಳ. ಅದಕ್ಕೆ ಹೇಳಿದ ಮರ್ವ್ 13 ದರ್ಜೆಯ ಫಿಲ್ಟರ್ 1ರಿಂದ 3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇ 85ರಷ್ಟನ್ನು ಹಿಡಿಯುತ್ತದೆ. ಆದರೆ ಇಂಥ ಪೆಟ್ಟಿಗೆ ಕೋಣೆಯ ಗಾಳಿಯನ್ನು ಸೋಸುತ್ತದೆಯೇ ಹೊರತು ಸ್ಯಾಂಡರಿನಿಂದ ಎದ್ದು ಮುಖಕ್ಕೆ ಬರುವ ಹುಡಿಯನ್ನು ತಡೆಯುವುದಿಲ್ಲ. ಕರಾವಳಿಯ ತೇವಕ್ಕೆ ಹುಡಿ ತುಂಬಿದ ಫಿಲ್ಟರಿನಲ್ಲಿ ಬೂಸ್ಟು ಬರುವ ಸಂಭವವೂ ಇದೆ. ಮಳೆಗಾಲ ಮುಗಿದೊಡನೆ ಅದನ್ನು ಎಸೆಯುವುದು ಕ್ಷೇಮ.

ಹುಡಿ ಅಳೆಯುವ ಪುಟ್ಟ ಮೀಟರುಗಳು ಈಗ ಸುಲಭವಾಗಿ ಸಿಗುತ್ತವೆ. ಒಂದೇ ದಿನ, ಫ್ಯಾನು ಹಾಕುವ ಮೊದಲು ಮತ್ತು ನಂತರ ಹೋಲಿಸಲು ಅವು ಉಪಯುಕ್ತ. ಆದರೆ ಆಟಿ ತಿಂಗಳ ಮಳೆಯಲ್ಲಿ ನೀರು ಕುಡಿದು ಉಬ್ಬಿದ ಕಣಗಳನ್ನೂ ಅವು ಹುಡಿ ಎಂದೇ ಎಣಿಸುವುದರಿಂದ ಅಂಕಿಯನ್ನು ಅಕ್ಷರಶಃ ನಂಬುವಂತಿಲ್ಲ. ಬ್ರಿಟನ್ನಿನ ತಪಾಸಣೆಗಾರರು ಓರೆಯಾದ ಬೆಳಕಿನ ಕೋಲು ಬಿಟ್ಟು ಹುಡಿ ನೋಡುತ್ತಾರೆ. ಮಾಡಿನ ಗಾಜಿನ ಹಂಚಿನಿಂದ ಇಳಿಯುವ ಬಿಸಿಲು ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ಇನ್ನುಳಿದದ್ದು ಗುಡಿಸುವುದು ಮತ್ತು ಮುಖ ಮುಚ್ಚುವುದು. ಒಣ ನೆಲಕ್ಕೆ ಹಿಡಿಸೂಡಿ ಹಾಕಿದರೆ ಕೂತದ್ದು ಏಳುತ್ತದೆ. ನೀರು ಚಿಮುಕಿಸಿ ಗುಡಿಸುವ ಹಳೆಯ ರೂಢಿ ಇಲ್ಲಿ ಸರಿ. ಮೈಮೇಲಿನ ಹುಡಿಯನ್ನು ಬ್ಲೋವರಿನಿಂದ ಊದಿಕೊಳ್ಳುವುದು ಚಪ್ಪರದ ಅಭ್ಯಾಸಗಳಲ್ಲೆಲ್ಲ ಕೆಟ್ಟದ್ದು. ಮೂಗಿಗೆ ಕಟ್ಟುವ ಬೈರಾಸು ದಪ್ಪ ಹುಡಿಯನ್ನಷ್ಟೇ ತಡೆಯುತ್ತದೆ. ಎನ್95 ಅಥವಾ ಭಾರತೀಯ ಮಾನಕ 9473ರ ಎಫ್ಎಫ್‌ಪಿ2 ಮಾಸ್ಕ್ ಕೆಲಸ ಮಾಡುತ್ತದೆ, ಅಂಚು ಮುಖಕ್ಕೆ ಒತ್ತಿ ಕೂತರೆ ಮಾತ್ರ; ಗಡ್ಡವಿದ್ದರೆ ಕೂರುವುದಿಲ್ಲ. ಏಪ್ರಿಲಿನ ಸೆಕೆಯಲ್ಲಿ ದಿನವಿಡೀ ಅದನ್ನು ಹಾಕಿಕೊಂಡಿರುವುದು ಸಾಧ್ಯವಿಲ್ಲದ್ದರಿಂದ ಉಜ್ಜುವ ಕೆಲಸವನ್ನೆಲ್ಲ ಒಟ್ಟು ಮಾಡಿ, ಕಡಲ ಗಾಳಿ ಶುರುವಾದ ಮೇಲೆ, ಒಂದೆರಡು ಗಂಟೆಯಲ್ಲಿ ಮುಗಿಸುವುದು ನಡೆಯುವ ದಾರಿ. ಕೆಲಸದ ಬಟ್ಟೆಯಲ್ಲೇ ಮನೆಯೊಳಗೆ ಹೋಗದೆ ಹೊರಗೇ ಬದಲಿಸಬೇಕು. ಗೋಣಿಗೆ ತುಂಬಿದ ಮರದ ಹುಡಿ ಹಟ್ಟಿಗೋ ಹುಡಿ ಒಲೆಗೋ ಹೋಗಬಹುದು. ಪ್ಲೈವುಡ್, ಎಂಡಿಎಫ್‌ಗಳ ಹುಡಿಯನ್ನು ಅಂಟಿನ ಕಾರಣಕ್ಕೆ ಬೇರೆ ಚೀಲದಲ್ಲಿಡಬೇಕು. ಅದನ್ನು ಒಲೆಗೆ ಹಾಕುವಂತಿಲ್ಲ.